ಪದವಿನ ಮೇಲೆ ಐದು ಡ್ರೋನ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಡ್ರೋನ್‌ಗಳನ್ನು ಗುಂಪಾಗಿ ಹಾರಿಸುವ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಸರಗೋಡಿನವು. ತಾಳವಾಡಿ ಮತ್ತು ಮಡಕಶಿರಾದಿಂದ ಒಂದೊಂದು ಬಂದಿವೆ. ಒಂದೇ ಡ್ರೋನ್ ಇದ್ದಾಗ ಸರಿಯಾಗಿ ಹಾರುತ್ತದೆ, ನಾಲ್ಕೈದು ಆದ ಕೂಡಲೇ ಕೆಡುತ್ತದೆ ಎನ್ನುವುದು ಹಲವರ ದೂರು. ಮೋಟರು, ಬ್ಯಾಟರಿ ಬದಲಿಸಿ ದುಡ್ಡು ಕಳೆದುಕೊಳ್ಳುವ ಮೊದಲು ರೇಡಿಯೊ ಕಡೆ ನೋಡಿ.

ಪ್ರಶ್ನೆ: ನಾವು ನಾಲ್ವರು ಡಿಪ್ಲೊಮಾ ವಿದ್ಯಾರ್ಥಿಗಳು. ಎಫ್450 ಚೌಕಟ್ಟಿನ ನಾಲ್ಕು ಡ್ರೋನ್ ಕಟ್ಟಿದ್ದೇವೆ. ಪಿಕ್ಸ್‌ಹಾಕ್ ನಿಯಂತ್ರಣ ಬೋರ್ಡು, ಅದರಲ್ಲಿ ಆರ್ಡುಪೈಲಟ್ ತಂತ್ರಾಂಶ, ಡ್ರೋನಿನ ಸುದ್ದಿಯನ್ನು ಲ್ಯಾಪ್‌ಟಾಪಿಗೆ ಕಳಿಸಲು ಅಂಗಡಿಯಲ್ಲಿ ಸಿಕ್ಕಿದ 915 ಮೆಗಾಹರ್ಟ್ಸ್ ಟೆಲಿಮೆಟ್ರಿ ರೇಡಿಯೊ ಜೋಡಿಗಳು ನಾಲ್ಕು. ಎರಡನೆಯದನ್ನು ಚಾಲು ಮಾಡಿದಾಗಲೇ ಲ್ಯಾಪ್‌ಟಾಪಿನ ನಕ್ಷೆಯಲ್ಲಿ ಡ್ರೋನ್ ಅಲ್ಲಿಂದಿಲ್ಲಿಗೆ ಜಿಗಿಯುತ್ತದೆ. ನಾಲ್ಕನ್ನೂ ಚಾಲು ಮಾಡಿದರೆ ಸಂಪರ್ಕವೇ ಕಡಿಯುತ್ತದೆ. ಒಂದರ ಹಿಂದೆ ಒಂದು ಹೋಗುವಂತೆ ಮಾಡುವುದು ಹೇಗೆ? (ಪೆರ್ಲ)

ನಿಮ್ಮಲ್ಲಿ ಮೂರು ತಪ್ಪುಗಳು ಒಂದರ ಮೇಲೊಂದು ಕೂತಿವೆ. ಒಂದೊಂದಾಗಿ ಬಿಡಿಸಿ.

ನಕ್ಷೆಯಲ್ಲಿ ಜಿಗಿಯುವುದು ಡ್ರೋನ್ ಅಲ್ಲ, ಹೆಸರು. ಡ್ರೋನೂ ಲ್ಯಾಪ್‌ಟಾಪೂ ಮಾತಾಡಿಕೊಳ್ಳುವ ಮ್ಯಾವ್‌ಲಿಂಕ್ ಭಾಷೆಯಲ್ಲಿ ಪ್ರತಿಯೊಂದು ಡ್ರೋನಿಗೂ 1ರಿಂದ 255ರೊಳಗಿನ ಒಂದು ಸಂಖ್ಯೆ ಇರುತ್ತದೆ. ಕಾರ್ಖಾನೆಯಿಂದ ಬಂದಾಗ ಎಲ್ಲಕ್ಕೂ ಅದು 1. ಎರಡು ಡ್ರೋನ್ ತಾವು ಒಂದನೆಯವರೆಂದು ಹೇಳಿಕೊಂಡರೆ ಲ್ಯಾಪ್‌ಟಾಪು ಎರಡರ ಸ್ಥಾನವನ್ನೂ ಒಂದೇ ಚಿತ್ರಕ್ಕೆ ಹಚ್ಚುತ್ತದೆ. ಪ್ಯಾರಾಮೀಟರ್ ಪಟ್ಟಿಯಲ್ಲಿ ‘ಸಿಸ್‌ಐಡಿ’ ಎಂದು ಹುಡುಕಿ, 1, 2, 3, 4 ಎಂದು ಕೊಡಿ, ಬೋರ್ಡನ್ನು ಒಮ್ಮೆ ಆರಿಸಿ ಮತ್ತೆ ಚಾಲು ಮಾಡಿ. ಅದೇ ಅಂಕೆಯನ್ನು ಡ್ರೋನಿನ ತೋಳಿನ ಮೇಲೂ ದೊಡ್ಡದಾಗಿ ಬರೆದುಬಿಡಿ. ಗಡಿಬಿಡಿಯಲ್ಲಿ ಅದೇ ನಿಮ್ಮನ್ನು ಕಾಯುವುದು.

ಸಂಪರ್ಕ ಕಡಿಯುವುದಕ್ಕೆ ಕಾರಣ ನೆಟ್‌ಐಡಿ, ಅಂದರೆ ರೇಡಿಯೊ ಜೋಡಿಯ ಜಾಲಸಂಖ್ಯೆ. ಈ ಬಗೆಯ ರೇಡಿಯೊಗಳು ಒಂದೇ ಕಂಪನಾಂಕದಲ್ಲಿ ನಿಲ್ಲದೆ ಒಂದರಿಂದ ಇನ್ನೊಂದಕ್ಕೆ ಹಾರುತ್ತ ಇರುತ್ತವೆ. ಹಾರುವ ಕ್ರಮವನ್ನು ನಿರ್ಧರಿಸುವುದು ನೆಟ್‌ಐಡಿ, ಕಾರ್ಖಾನೆಯಿಂದ ಬಂದಾಗ ಅದು 25. ನಾಲ್ಕು ಜೋಡಿಯೂ 25ರಲ್ಲೇ ಇದ್ದರೆ ಎಲ್ಲವೂ ಒಂದೇ ಕ್ರಮದಲ್ಲಿ ಹಾರಿ ಒಂದರ ಮಾತಿನ ಮೇಲೆ ಇನ್ನೊಂದು ಮಾತಾಡುತ್ತವೆ. ಜೋಡಿಗೊಂದು ಬೇರೆ ನೆಟ್‌ಐಡಿ ಕೊಡಿ. ಜೋಡಿಯ ಎರಡೂ ತುದಿಗಳಲ್ಲಿ ಒಂದೇ ಅಂಕೆ ಇರಬೇಕು.

ಮೂರನೆಯದು ಕಾನೂನಿನದು. ನಮ್ಮ ದೇಶದಲ್ಲಿ 915 ಮೆಗಾಹರ್ಟ್ಸಿನ ಕಂಪನಾಂಕ ಪಟ್ಟಿಯನ್ನು ಪರವಾನಗಿ ಇಲ್ಲದೆ ಬಳಸುವಂತಿಲ್ಲ. ಅದರ ಕೆಳಗಿನ 890–915 ಮೊಬೈಲುಗಳು ಟವರಿನ ಜತೆ ಮಾತಾಡುವ ಜಾಗ. ಪರವಾನಗಿ ಬೇಡದ್ದು 865–868 ಪಟ್ಟಿ, 2.4 ಗಿಗಾಹರ್ಟ್ಸ್ ಕೂಡ ಆದೀತು. ಅಂಗಡಿಯಲ್ಲಿ ಸಿಗುತ್ತದೆ ಎಂಬ ಮಾತ್ರಕ್ಕೆ ಹಾರಿಸಬಹುದು ಎಂದಲ್ಲ. ರೇಡಿಯೊ ಬದಲಿಸುವುದಾದರೆ ಮುಂದಿನ ಹೆಜ್ಜೆಯನ್ನೂ ಈಗಲೇ ಯೋಚಿಸಿ: ಈ ಜೋಡಿಗಳಲ್ಲಿ ಡ್ರೋನ್ ಮಾತಾಡುವುದು ಲ್ಯಾಪ್‌ಟಾಪಿನ ಜತೆ ಮಾತ್ರ. ಒಂದರ ಮಾತು ಇನ್ನೊಂದಕ್ಕೆ ಕೇಳುವುದಿಲ್ಲ.

ಡ್ರೋನ್‌ಗಳು ತಮ್ಮತಮ್ಮೊಳಗೆ ಮಾತಾಡಲು ನಿಮ್ಮ ಖರ್ಚಿಗೆ ಒಗ್ಗುವುದು ವೈಫೈ ರೇಡಿಯೊ ಇರುವ ಸಣ್ಣ ಇಎಸ್‌ಪಿ32 ಬೋರ್ಡು. ಪಿಕ್ಸ್‌ಹಾಕಿನ ಟೆಲೆಮ್2 ಕಿಂಡಿಯಲ್ಲಿ ಆರು ಪಿನ್ನುಗಳಿವೆ. ಒಂದನೆಯದು 5 ವೋಲ್ಟ್, ಎರಡನೆಯದು ಕಳಿಸುವ ತಂತಿ, ಮೂರನೆಯದು ಪಡೆಯುವ ತಂತಿ, ಆರನೆಯದು ನೆಲ. ಕಳಿಸುವುದನ್ನು ಆ ಕಡೆಯ ಪಡೆಯುವುದಕ್ಕೆ, ಪಡೆಯುವುದನ್ನು ಕಳಿಸುವುದಕ್ಕೆ ಅಡ್ಡ ಜೋಡಿಸಿ. ಎರಡೂ ಕಡೆ ಸಂಕೇತ 3.3 ವೋಲ್ಟಿನದೇ, ಹಾಗಾಗಿ ನಡುವೆ ಬೇರೇನೂ ಬೇಡ. ವಿದ್ಯುತ್ ಮಾತ್ರ ಬೇರೆ 5 ವೋಲ್ಟ್ ಮೂಲದಿಂದ ಕೊಡಿ, ನೆಲದ ತಂತಿ ಒಂದೇ ಇರಲಿ. ರೇಡಿಯೊ ಕಳಿಸುವ ಕ್ಷಣದಲ್ಲಿ ಇಎಸ್‌ಪಿ32 ನೂರಾರು ಮಿಲಿಆಂಪಿಯರ್ ಒಮ್ಮೆಗೇ ಎಳೆಯುತ್ತದೆ, ವೋಲ್ಟೇಜು ಕುಸಿದು ಬೋರ್ಡು ತಾನಾಗಿ ಮರುಚಾಲು ಆಗುತ್ತದೆ. ಈ ಬೋರ್ಡು ಬಳಸುವವರು ‘ಸಂಪರ್ಕ ಹೋಗಿ ಬಂತು’ ಅನ್ನುವುದಕ್ಕೆ ಹಲವು ಸಲ ಕಾರಣ ಇದೇ. ಬೋರ್ಡಿನ 5 ವೋಲ್ಟ್ ಪಿನ್ನಿಗೂ ನೆಲಕ್ಕೂ ನಡುವೆ 470 ಮೈಕ್ರೊಫ್ಯಾರಡ್ ಕೆಪಾಸಿಟರ್ ಒಂದನ್ನು ಬೆಸೆಯಿರಿ.

ಸಂದೇಶಕ್ಕೆ, ಈ ಬೋರ್ಡುಗಳು ಒಂದಕ್ಕೊಂದು ನೇರ ಮಾತಾಡುವ ಇಎಸ್‌ಪಿ-ನೌ ವಿಧಾನ ಸಾಕು. ರೌಟರ್ ಬೇಡ, ಒಂದು ಸಂದೇಶಕ್ಕೆ 250 ಬೈಟ್ ಜಾಗ. ನಿಮಗೆ ಬೇಕಾದದ್ದು 24 ಬೈಟ್: ಡ್ರೋನ್ ಸಂಖ್ಯೆ 1, ಕ್ರಮಸಂಖ್ಯೆ 1, ಸಮಯ 4, ಅಕ್ಷಾಂಶ 4, ರೇಖಾಂಶ 4, ಎತ್ತರ 2, ಮೂರು ದಿಕ್ಕಿನ ವೇಗ 6, ಮುಖದ ದಿಕ್ಕು 2. ಇಷ್ಟನ್ನು ಕಳಿಸಲು ಗಾಳಿಯಲ್ಲಿ ಒಂದು ಮಿಲಿಸೆಕೆಂಡೂ ಬೇಡ. ನಾಲ್ಕು ಡ್ರೋನ್ ಸೆಕೆಂಡಿಗೆ ಹತ್ತು ಸಲ ಕೂಗಿದರೂ ಗಾಳಿಯಲ್ಲಿ ಸಿಗುವ ಸಮಯದ ಶೇ. 4 ಮಾತ್ರ ತುಂಬುತ್ತದೆ. ಆದರೆ ಎಲ್ಲರಿಗೂ ಒಟ್ಟಿಗೆ ಕೂಗುವ ಸಂದೇಶಕ್ಕೆ ‘ಸಿಕ್ಕಿತು’ ಎಂಬ ಮರುತ್ತರ ಬರುವುದಿಲ್ಲ. ಕಳೆದುಹೋದದ್ದು ಗೊತ್ತೇ ಆಗುವುದಿಲ್ಲ. ಕ್ರಮಸಂಖ್ಯೆಯನ್ನು ಇಟ್ಟದ್ದು ಅದಕ್ಕೇ: 41, 42, 45 ಎಂದು ಬಂದರೆ ಎರಡು ಕಳೆದಿವೆ. ಪ್ರತಿ ಡ್ರೋನ್ ಉಳಿದವರಿಂದ ನೂರರಲ್ಲಿ ಎಷ್ಟು ಕೇಳಿಸಿಕೊಂಡಿತು ಎಂಬುದನ್ನು ಮೆಮೊರಿ ಕಾರ್ಡಿಗೆ ಬರೆದಿಡಿ. ಹಾರಾಟ ಮುಗಿದ ಮೇಲೆ ಮೊದಲು ನೋಡಬೇಕಾದ ಅಂಕಿ ಇದು.

ಒಂದರ ಹಿಂದೆ ಒಂದು ಹೋಗಲು ಆರ್ಡುಪೈಲಟಿನಲ್ಲಿ ‘ಫಾಲೋ’ ಎಂಬ ವಿಧಾನವೇ ಇದೆ. ಮುಂದಾಳಿನ ಸ್ಥಾನದ ಮ್ಯಾವ್‌ಲಿಂಕ್ ಸಂದೇಶ ಹಿಂಬಾಲಕನ ಟೆಲೆಮ್2ಕ್ಕೆ ತಲುಪಬೇಕು. ಆ 24 ಬೈಟನ್ನು ಬಿಚ್ಚಿ ಆ ರೂಪಕ್ಕೆ ತಿರುಗಿಸುವ ಕೆಲಸ ಇಎಸ್‌ಪಿ32ರದ್ದು. ಯಾರನ್ನು ಹಿಂಬಾಲಿಸಬೇಕು ಎಂಬ ಸಂಖ್ಯೆಯನ್ನು 0 ಎಂದು ಬಿಟ್ಟರೆ ಯಾರ ದನಿ ಮೊದಲು ಕೇಳಿತೋ ಅವರ ಹಿಂದೆ ಹೊರಡುತ್ತದೆ. ದಯವಿಟ್ಟು ಹಾಗೆ ಬಿಡಬೇಡಿ. ಅಂತರವನ್ನು ಉತ್ತರಕ್ಕೆ ಎಷ್ಟು, ಪೂರ್ವಕ್ಕೆ ಎಷ್ಟು ಎಂಬ ಲೆಕ್ಕದಲ್ಲಿ ಕೊಡಿ, ಮುಂದಾಳಿನ ಮುಖದ ಲೆಕ್ಕದಲ್ಲಿ ಬೇಡ. ಮುಂದಿನದು ನಿಂತಲ್ಲೇ ತಿರುಗಿದರೆ ಹಿಂದಿನದು ದೊಡ್ಡ ಸುತ್ತು ಹೊಡೆದು ಮೂರನೆಯದರ ದಾರಿಗೆ ಬೀಳುತ್ತದೆ.

ಎಷ್ಟು ಅಂತರ? ಸಾಮಾನ್ಯ ಜಿಪಿಎಸ್ ಒಂದೊಂದಕ್ಕೆ 2.5 ಮೀಟರ್ ತಪ್ಪಿದರೆ ಎರಡರದು 5 ಮೀಟರ್. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಅರ್ಧ ಸೆಕೆಂಡು ಸುದ್ದಿ ತಡವಾದರೆ 2.5 ಮೀಟರ್. ಆ ವೇಗದಿಂದ ನಿಲ್ಲಲು ಇನ್ನೊಂದು 5 ಮೀಟರ್. ಕೂಡಿದರೆ 12.5. ಹದಿನೈದು ಮೀಟರಿಗಿಂತ ಹತ್ತಿರ ತರಬೇಡಿ. ಒಂದರ ನೆತ್ತಿಯ ಮೇಲೆ ಇನ್ನೊಂದು ಬರಲೂ ಬಾರದು, ಮೇಲಿನದರ ಗಾಳಿಗೆ ಕೆಳಗಿನದು ಕುಸಿಯುತ್ತದೆ.

ಪ್ರಶ್ನೆ: ಸಂಪರ್ಕ ತಪ್ಪಿದರೆ ಎಲ್ಲ ಡ್ರೋನ್ ಹೊರಟ ಜಾಗಕ್ಕೆ ವಾಪಸು ಬರುವಂತೆ ಇಟ್ಟಿದ್ದೇವೆ. ಅಷ್ಟು ಸಾಕೇ? (ಮಂಜೇಶ್ವರ)

ಸಾಲದು. ಗುಂಪು ಹಾರಾಟದಲ್ಲಿ ಅಪಾಯದ ಕ್ಷಣವೇ ಅದು. ಲ್ಯಾಪ್‌ಟಾಪು ಆರಿದರೆ ಎಲ್ಲಕ್ಕೂ ಒಂದೇ ಕ್ಷಣ ಸಂಪರ್ಕ ತಪ್ಪುತ್ತದೆ. ಎಲ್ಲವೂ ಒಂದೇ ಎತ್ತರಕ್ಕೆ ಏರಿ, ಒಂದೇ ಕಡೆಗೆ ಮುಖ ಮಾಡಿ, ಒಟ್ಟಿಗೆ ಬರುತ್ತವೆ. ಆರ್ಡುಪೈಲಟಿನಲ್ಲಿ ವಾಪಸಿನ ಎತ್ತರವನ್ನು ಸೆಂಟಿಮೀಟರಿನಲ್ಲಿ ಕೊಡುತ್ತಾರೆ. ಒಂದನೆಯದಕ್ಕೆ 3000, ಎರಡನೆಯದಕ್ಕೆ 3500, ಮೂರನೆಯದಕ್ಕೆ 4000 ಎಂದು ಐದೈದು ಮೀಟರ್ ಮೇಲಕ್ಕಿಡಿ. ಹೊರಡುವ ಜಾಗಗಳ ನಡುವೆಯೂ ಹತ್ತು ಮೀಟರ್ ಇರಲಿ, ಇಳಿಯುವಾಗ ಎತ್ತರದ ವ್ಯತ್ಯಾಸ ಕಾಯುವುದಿಲ್ಲ.

ಜತೆಗಾರರ ದನಿ ತಪ್ಪಿದ್ದಕ್ಕೂ ನೆಲದ ದನಿ ತಪ್ಪಿದ್ದಕ್ಕೂ ಬೇರೆ ಬೇರೆ ನಿಯಮ ಬೇಕು. ಜತೆಗಾರ ಒಂದು ಸೆಕೆಂಡು ಕೇಳಿಸದಿದ್ದರೆ ಇದ್ದಲ್ಲೇ ನಿಲ್ಲುವುದು, ಐದು ಸೆಕೆಂಡಾದರೆ ಗುಂಪಿನಿಂದ ಹೊರಬಂದು ತನ್ನ ಎತ್ತರದಲ್ಲಿ ವಾಪಸಾಗುವುದು. ಹಾರಿಸುವ ಮೊದಲು ಪಂಖ (ಪ್ರೊಪೆಲ್ಲರ್) ಕಳಚಿ, ಅಂಗಳದಲ್ಲೇ ಒಂದೊಂದರ ಇಎಸ್‌ಪಿ32ರ ವಿದ್ಯುತ್ ಕಿತ್ತು ಉಳಿದವು ಏನು ಮಾಡುತ್ತವೆ ನೋಡಿ.

ಪ್ರಶ್ನೆ: ನಮ್ಮದು ಗುಡ್ಡೆಯ ಬದಿಯ ಕಂಗಿನ (ಅಡಕೆ) ತೋಟ. ಬಾಡಿಗೆಗೆ ಬಂದ ಡ್ರೋನಿನವರು ಮನೆಯ ಅಂಗಳದಿಂದ ಹಾರಿಸಿದರು, ಬರೆಯ (ಕಡಿದಾದ ದಿಬ್ಬದ) ಆಚೆ ಇಳಿದ ಕೂಡಲೇ ಸಿಗ್ನಲು ಹೋಯಿತು. ಎರಡು ಡ್ರೋನ್ ಒಟ್ಟಿಗೆ ಬಿಟ್ಟರೆ ಕೆಲಸ ಬೇಗ ಆದೀತೆ? ಕೊಳೆರೋಗದ ಮದ್ದಿಗೆ ಆದೀತೆ? (ಬಾಯಾರು)

ಸಿಗ್ನಲು ನೂಲು ಹಿಡಿದ ಹಾಗೆ ನೇರ ಹೋಗುತ್ತದೆ, ಆದರೆ ನೂಲಿನಷ್ಟು ಸಪುರ ಜಾಗ ಅದಕ್ಕೆ ಸಾಲದು. 2.4 ಗಿಗಾಹರ್ಟ್ಸಿನಲ್ಲಿ 300 ಮೀಟರ್ ದೂರಕ್ಕೆ ನಡುಮಧ್ಯದಲ್ಲಿ ಸುತ್ತಲೂ ಮೂರು ಮೀಟರ್ ತೆರವು ಬೇಕು. ಕಂಗಿನ ತಲೆ ಸವರಿಕೊಂಡು ಡ್ರೋನ್ ಕಾಣುತ್ತಿದ್ದರೂ ಅರ್ಧ ಜಾಗ ಸೋಗೆಯೊಳಗೆ ಇರುತ್ತದೆ. ಮಳೆ ಬಿಟ್ಟ ಮೇಲೆ ನೀರು ತೊಟ್ಟಿಕ್ಕುವ ಸೋಗೆ ಇನ್ನೂ ಹೆಚ್ಚು ನುಂಗುತ್ತದೆ. ಮುರಕಲ್ಲಿನ ಬರೆ ಅಡ್ಡ ಬಂದರಂತೂ ಯಾವ ಆ್ಯಂಟೆನಾವೂ ಉಳಿಸದು. ಅಂಗಳ ಬಿಟ್ಟು ಬರೆಯ ನೆತ್ತಿಗೆ ಹೋಗಿ ನಿಲ್ಲಿ. ನೆಲದ ಆ್ಯಂಟೆನಾವನ್ನು ಐದಾರು ಮೀಟರಿನ ಕೊಕ್ಕೆಕೋಲಿಗೆ ಕಟ್ಟಿ ನೆಟ್ಟಗೆ ನಿಲ್ಲಿಸಿ. ಕೋಲಿನ ಆ್ಯಂಟೆನಾದ ತುದಿ ಡ್ರೋನ್ ಕಡೆ ಚಾಚಬಾರದು. ತುದಿಯ ನೇರಕ್ಕೆ ಅದು ಕುರುಡು, ಪಕ್ಕಕ್ಕೆ ಚೆನ್ನಾಗಿ ಕಾಣುತ್ತದೆ.

ಇನ್ನೊಂದು ಮುಖ್ಯ ಮಾತು. ಡ್ರೋನ್ ಹೇಳುವ ಎತ್ತರ ಹೊರಟ ಜಾಗದಿಂದ ಅಳೆದದ್ದು. ಅಂಗಳದಿಂದ 25 ಮೀಟರ್ ಏರಿ, ಗುಡ್ಡೆ 10 ಮೀಟರ್ ಏರಿದಲ್ಲಿಗೆ ಬಂದರೆ ನೆಲದಿಂದ ಇರುವುದು 15 ಮೀಟರ್. ನಿಮ್ಮ ಕಂಗು ಅಷ್ಟೇ ಎತ್ತರ ಇರುತ್ತದೆ.

ಎರಡು ಡ್ರೋನಿಗೆ ನಡುವೆ ಮಾತುಕತೆ ಬೇಡವೇ ಬೇಡ. ತೋಟವನ್ನು ತೋಡು ಅಥವಾ ಓಣಿ ಗಡಿಯಾಗಿ ಎರಡು ಮಾಡಿ, ನಡುವೆ ಹತ್ತು ಮೀಟರ್ ಪಟ್ಟಿ ಬಿಟ್ಟು, ಹೊರಡುವ ಜಾಗ ಬೇರೆ ಬೇರೆ ಇಡಿ. ಮದ್ದಿನ ಮಟ್ಟಿಗೆ ಹೇಳುವುದಾದರೆ, ಮೇಲಿನಿಂದ ಬಿದ್ದ ಹನಿಯಲ್ಲಿ ಬಹುಪಾಲು ಸೋಗೆಯಲ್ಲೇ ನಿಲ್ಲುತ್ತದೆ. ಅಡಕೆಯ ಕೊನೆ, ಅಂದರೆ ಗೊಂಚಲು, ಇರುವುದು ಸೋಗೆಯ ಬುಡದಲ್ಲಿ. ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣದ ಬೋರ್ಡೊ ಮಿಶ್ರಣ ಸಣ್ಣ ನಾಜಲಿನಲ್ಲಿ ಕಟ್ಟಿಕೊಳ್ಳುವುದೂ ಇದೆ, ಎರಡು ಸಲ ಸೋಸಲೇ ಬೇಕು. ಕೊನೆ ಒದ್ದೆಯಾಗದೆ ಕೊಳೆರೋಗ ನಿಲ್ಲುವುದಿಲ್ಲ. ಹತ್ತು ಮರಕ್ಕೆ ಮದ್ದು ಬಿಡಿಸಿ, ಒಂದು ಮರ ಹತ್ತಿಸಿ ಕೊನೆಯ ಒಳಗಿನ ಕಾಯಿಗೆ ನೀಲಿ ಕಲೆ ಬಿದ್ದಿದೆಯೇ ನೋಡಿದ ಮೇಲೆ ಉಳಿದದ್ದಕ್ಕೆ ಒಪ್ಪಿಕೊಳ್ಳಿ.

ಪ್ರಶ್ನೆ: ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟ್. ಪ್ರತಿ ಡ್ರೋನ್ ತನಗೆ ಕೇಳಿಸುವ ಎಲ್ಲರ ಸ್ಥಾನ ನೋಡಿ, ಇರಬೇಕಾದ ಅಂತರಕ್ಕೂ ಇರುವ ಅಂತರಕ್ಕೂ ಇರುವ ವ್ಯತ್ಯಾಸಗಳನ್ನು ಕೂಡಿಸಿ ಅದನ್ನೇ ವೇಗವಾಗಿ ಕೊಡುತ್ತದೆ. ಮೂರಿದ್ದಾಗ ಚೆನ್ನಾಗಿತ್ತು. ನಾಲ್ಕಾದಾಗ ಸ್ವಲ್ಪ ತೂಗಾಡಿ ನಿಂತವು. ಐದಾದಾಗ ಉಯ್ಯಾಲೆಯಂತೆ ತೂಗಿ ತೂಗಿ ದೊಡ್ಡದಾಯಿತು, ಇಳಿಸಬೇಕಾಯಿತು. ಒಂದು ತೂಗಿಗೆ ಸುಮಾರು 1.4 ಸೆಕೆಂಡು. ಗಣಿತ ತಪ್ಪಿದೆಯೇ? (ಬದಿಯಡ್ಕ)

ಗಣಿತ ಸರಿ ಇದೆ, ಸುದ್ದಿ ಹಳತಾಗಿದೆ. ನೀವು ತೂಗಾಟದ ಸಮಯವನ್ನು ಅಳೆದದ್ದು ಬಹಳ ಒಳ್ಳೆಯದಾಯಿತು, ಉತ್ತರ ಅದರಲ್ಲೇ ಇದೆ.

ಇಂಥ ಹೊಂದಾಣಿಕೆ ತಡದಿಂದಾಗಿ ತೂಗಾಡತೊಡಗುವ ಗಡಿಯಲ್ಲಿ ಒಂದು ತೂಗಿನ ಅವಧಿ ತಡದ ನಾಲ್ಕು ಪಟ್ಟು ಇರುತ್ತದೆ. 1.4ನ್ನು ನಾಲ್ಕರಿಂದ ಭಾಗಿಸಿ: 0.35 ಸೆಕೆಂಡು. ನಿಮ್ಮ ಡ್ರೋನ್‌ಗಳು ಪರಸ್ಪರ ನೋಡುತ್ತಿರುವುದು 350 ಮಿಲಿಸೆಕೆಂಡು ಹಿಂದಿನ ಚಿತ್ರ. ಇದು ಅಚ್ಚರಿಯ ಅಂಕಿಯಲ್ಲ. ಜಿಪಿಎಸ್ ಘಟಕದೊಳಗೇ 100ರಿಂದ 200 ಹೋಗುತ್ತದೆ. ಸೆಕೆಂಡಿಗೆ ಹತ್ತು ಸಲ ಕಳಿಸುವುದಾದರೆ ಸರದಿ ಕಾಯುವುದರಲ್ಲಿ 100ರವರೆಗೆ. ವೇಗದ ಅಪ್ಪಣೆ ಕೊಟ್ಟ ಮೇಲೆ ಡ್ರೋನ್ ವಾಲಿ ಹೊರಡಲು ಇನ್ನೊಂದಿಷ್ಟು.

ಈಗ ಎಷ್ಟು ತಡವನ್ನು ತಾಳಬಹುದು ಎಂಬ ಲೆಕ್ಕ. ಯಾರು ಯಾರನ್ನು ಕೇಳಿಸಿಕೊಳ್ಳುತ್ತಾರೆ ಎಂಬುದನ್ನು ಬರೆದಿಡುವ ಅಂಕಿಗಳ ಕೋಷ್ಟಕವೇ ಜಾಲದ ಲಾಪ್ಲಾಸ್ ಮಾತೃಕೆ, ಅದರಿಂದ ಲೆಕ್ಕ ಹಾಕಿ ತೆಗೆಯುವ ವಿಶಿಷ್ಟ ಅಂಕಿಗಳೇ ಐಗನ್ ಬೆಲೆಗಳು. ಅವುಗಳಲ್ಲಿ ಅತಿ ದೊಡ್ಡದರಿಂದ, ಪೈ ಭಾಗಿಸು ಎರಡು, ಅಂದರೆ 1.571ನ್ನು ಭಾಗಿಸಬೇಕು. ಎಲ್ಲರೂ ಎಲ್ಲರನ್ನೂ ಕೇಳಿಸಿಕೊಳ್ಳುವಾಗ, ಗುಣಕ (ವ್ಯತ್ಯಾಸವನ್ನು ವೇಗವಾಗಿಸಲು ಗುಣಿಸುವ ಅಂಕಿ) 1 ಇದ್ದರೆ, ಆ ದೊಡ್ಡ ಬೆಲೆ ಡ್ರೋನ್‌ಗಳ ಸಂಖ್ಯೆಯೇ. ಮೂರಕ್ಕೆ ತಾಳಿಕೆ 0.52 ಸೆಕೆಂಡು. ನಾಲ್ಕಕ್ಕೆ 0.39. ಐದಕ್ಕೆ 0.31. ನಿಮ್ಮ ತಡ 0.35. ಮೂರು ನಿಂತದ್ದು, ನಾಲ್ಕು ತೂಗಾಡಿ ನಿಂತದ್ದು, ಐದು ಹದ ತಪ್ಪಿದ್ದು ಎಲ್ಲವೂ ಅಲ್ಲೇ ಕಾಣುತ್ತದೆ.

ಹೊಸ ಜತೆಗಾರ ಬಂದಾಗಲೆಲ್ಲ ನೀವು ಕೂಡಿಸುತ್ತಾ ಹೋದಿರಿ, ಹಾಗಾಗಿ ತಳ್ಳುವ ಬಲ ಹೆಚ್ಚುತ್ತಾ ಹೋಯಿತು. ಕೂಡಿಸಿದ್ದನ್ನು ಕೇಳಿಸಿದ ಜತೆಗಾರರ ಸಂಖ್ಯೆಯಿಂದ ಭಾಗಿಸಿ, ಸರಾಸರಿ ಕೊಡಿ. ಐದು ಡ್ರೋನಿಗೆ ಪ್ರತಿ ಜತೆಗಾರನ ಗುಣಕ ಕಾಲು ಆಗುತ್ತದೆ, ದೊಡ್ಡ ಐಗನ್ ಬೆಲೆ 1.25ಕ್ಕೆ ಇಳಿಯುತ್ತದೆ, ತಾಳಿಕೆ 1.26 ಸೆಕೆಂಡಿಗೆ ಏರುತ್ತದೆ. ನಿಮ್ಮ ತಡಕ್ಕಿಂತ ಮೂರು ಪಟ್ಟು ಮೇಲೆ. ಈ ಸೂತ್ರ ಡ್ರೋನನ್ನು ಬಹಳ ಸರಳ ವಸ್ತುವಾಗಿ ಎಣಿಸುತ್ತದೆ, ಆದ್ದರಿಂದ ನಿಜದ ಹಾರಾಟದಲ್ಲಿ ತಾಳಿಕೆಯ ಅರ್ಧವನ್ನೇ ಮಿತಿ ಎಂದಿಟ್ಟುಕೊಳ್ಳಿ.

ಪಕ್ಕದ ಇಬ್ಬರನ್ನು ಮಾತ್ರ ಕೇಳಿಸಿಕೊಳ್ಳುವಂತೆ ಮಾಡಿದರೂ ತೂಗಾಟ ಕಡಿಮೆಯಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ಗುಣಕ 1 ಇಟ್ಟುಕೊಂಡು ಐದನ್ನು ಬಳೆಯಂತೆ ಜೋಡಿಸಿದರೆ ತಾಳಿಕೆ 0.43. ಸಾಲಾಗಿ ಜೋಡಿಸಿದರೂ ಅದೇ 0.43. ಆದರೆ ತಪ್ಪು ಸರಿಹೋಗುವ ವೇಗ ನೋಡಿ: ಅದನ್ನು ಹೇಳುವ ಎರಡನೇ ಐಗನ್ ಬೆಲೆ ಬಳೆಯಲ್ಲಿ 1.38, ಸಾಲಿನಲ್ಲಿ 0.38. ಸಾಲಿನ ಒಂದು ತುದಿಯವನ ಸುದ್ದಿ ಇನ್ನೊಂದು ತುದಿಗೆ ನಾಲ್ಕು ಬಾಯಿ ದಾಟಿ ಹೋಗಬೇಕಲ್ಲ. ಸರಾಸರಿ ವಿಧಾನದಲ್ಲಿ ಇದೇ ಬೆಲೆ 1.25, ಬಳೆಗೆ ಹತ್ತಿರದ ಚುರುಕು, ಮೂರು ಪಟ್ಟು ತಾಳಿಕೆ. ಎಲ್ಲರಿಗೂ ಎಲ್ಲರ ದನಿ ಕೇಳುವ ಪದವಿನಲ್ಲಿ (ಗುಡ್ಡೆಯ ಮೇಲಿನ ಬಯಲಿನಲ್ಲಿ) ಹಾರಿಸುವಾಗ ಕೇಳುವ ದನಿಯನ್ನು ಬೇಕೆಂದೇ ಕಿವಿ ಮುಚ್ಚಿ ಬಿಡಬೇಡಿ.

ಒಂದು ಎಚ್ಚರಿಕೆ: ಸರಾಸರಿ ತೆಗೆಯುವಾಗ ಎಷ್ಟು ಹಳೆಯ ಸುದ್ದಿಯನ್ನು ಎಣಿಸುತ್ತೀರಿ? ಕಳಿಸಿದ ಸಮಯ ಸಂದೇಶದಲ್ಲೇ ಇರಲಿ, ಜಿಪಿಎಸ್ ಸಮಯ ಎಲ್ಲರಿಗೂ ಒಂದೇ. ಅರ್ಧ ಸೆಕೆಂಡಿಗಿಂತ ಹಳತಾದ್ದನ್ನು ಬಿಟ್ಟುಬಿಡಿ, ಭಾಜಕವನ್ನೂ ಆಗಲೇ ಕಡಿಮೆ ಮಾಡಿ. ಸಂದೇಶದಲ್ಲಿ ವೇಗವೂ ಇದೆಯಾದರೆ, ಸ್ಥಾನಕ್ಕೆ ವೇಗ ಗುಣಿಸು ತಡವನ್ನು ಕೂಡಿಸಿ ಈಗ ಎಲ್ಲಿರಬಹುದೆಂದು ಅಂದಾಜಿಸಿ. ಸೆಕೆಂಡಿಗೆ 4 ಮೀಟರ್ ಹೋಗುವ ಡ್ರೋನಿಗೆ 0.35 ಸೆಕೆಂಡು ಎಂದರೆ 1.4 ಮೀಟರ್. ಮತ್ತೆ ಪದವಿಗೆ ಹೋಗುವ ಮೊದಲು ಆರ್ಡುಪೈಲಟಿನ ಅನುಕರಣೆಯಲ್ಲಿ (ಕಂಪ್ಯೂಟರಿನೊಳಗೇ ಹಾರಿಸಿ ನೋಡುವ ವಿಧಾನದಲ್ಲಿ) ಐದು ಡ್ರೋನ್ ಚಾಲು ಮಾಡಿ, 350 ಮಿಲಿಸೆಕೆಂಡಿನ ತಡವನ್ನು ಬೇಕೆಂದೇ ಸೇರಿಸಿ. ನಿಮ್ಮ ಉಯ್ಯಾಲೆ ಅಲ್ಲೂ ಬರಬೇಕು. ಬರದಿದ್ದರೆ ಅನುಕರಣೆಯನ್ನು ನಂಬಬೇಡಿ.

ಪ್ರಶ್ನೆ: 3 ಕಿ.ಮೀ. ದೂರದ ಹೊಲದಂಚಿಗೆ ಆನೆ ಬಂದರೆ ಶಾಖದ ಕ್ಯಾಮರಾದಲ್ಲಿ ರಾತ್ರಿ ನೋಡಬೇಕು. ನಡುವೆ ಎರಡು ಡ್ರೋನ್ ನಿಲ್ಲಿಸಿ ಚಿತ್ರವನ್ನು ದಾಟಿಸಬಹುದೇ? (ತಾಳವಾಡಿ)

ಆಗುತ್ತದೆ, ಆದರೆ ನಾವು ಬೇಡ ಎನ್ನುತ್ತೇವೆ. ಒಂದೇ ರೇಡಿಯೊ ಇರುವ ಡ್ರೋನ್ ಕೇಳಿಸಿಕೊಳ್ಳುವಾಗ ಹೇಳಲಾರದು, ಹೇಳುವಾಗ ಕೇಳಲಾರದು. ಒಂದು ದಾಟಿಗೆ ಸಾಗಣೆ ಅರ್ಧ, ಎರಡು ದಾಟಿಗೆ ಮೂರರಲ್ಲಿ ಒಂದು ಪಾಲು. ನಿಂತಲ್ಲೇ ನಿಂತರೂ ಬ್ಯಾಟರಿ ಇಪ್ಪತ್ತು-ಇಪ್ಪತ್ತೈದು ನಿಮಿಷಕ್ಕೆ ಮುಗಿಯುತ್ತದೆ, ಇಡೀ ರಾತ್ರಿ ಕಾಯುವ ಕೆಲಸಕ್ಕೆ ಅದು ಎಲ್ಲಿಗೂ ಸಾಲದು. ಅದರ ಬದಲು ನೀರಿನ ಟ್ಯಾಂಕಿನ ಮೇಲೆ ಹನ್ನೆರಡು ಮೀಟರಿನ ಕಂಬ ನಿಲ್ಲಿಸಿ, 5.8 ಗಿಗಾಹರ್ಟ್ಸಿನ ದಿಕ್ಕಿನ ಆ್ಯಂಟೆನಾ ಹೊಲದಂಚಿನ ಕಡೆ ತಿರುಗಿಸಿ. 3 ಕಿ.ಮೀ.ಗೆ ಗಾಳಿಯಲ್ಲಿ ಕಳೆಯುವುದು 117 ಡೆಸಿಬೆಲ್. 20 ಡಿಬಿಎಂ ಬಲ, ನೆಲದ ಆ್ಯಂಟೆನಾ 16, ಡ್ರೋನಿನದು 2 ಸೇರಿಸಿದರೆ ತಲುಪುವುದು −79 ಡಿಬಿಎಂ, ಸಣ್ಣ ಚಿತ್ರಕ್ಕೆ ಸಾಕು. ಡ್ರೋನ್ ಒಂದೇ ಸಾಕು, ಕರೆ ಬಂದಾಗ ಮಾತ್ರ ಏರಿಸಿ.

ನಿಮ್ಮ ಸುತ್ತ ಇರುವುದು ಸತ್ಯಮಂಗಲ ಹುಲಿ ಸಂರಕ್ಷಿತ ಅರಣ್ಯ. ಅರಣ್ಯ ಇಲಾಖೆಯನ್ನು ಜತೆಗಿಟ್ಟುಕೊಳ್ಳದೆ ಇದಕ್ಕೆ ಕೈ ಹಾಕಬೇಡಿ. ಡ್ರೋನ್ ಸದ್ದಿಗೆ ಬೆದರಿದ ಆನೆ ಯಾವ ಹೊಲದತ್ತ, ಯಾರ ಗುಡಿಸಲತ್ತ ಓಡುತ್ತದೆ ಎಂದು ಹೇಳಲಾಗದು.

ಪ್ರಶ್ನೆ: ಲೋರಾ ರೇಡಿಯೊ ಬಹಳ ದೂರ ಹೋಗುತ್ತದಂತೆ. ಗುಂಪು ಹಾರಾಟಕ್ಕೆ ಅದೊಂದೇ ಸಾಲದೇ? (ಮಡಕಶಿರಾ)

ದೂರ ಹೋಗುವುದು ನಿಧಾನ ಮಾತಾಡುವುದರಿಂದ. 20 ಬೈಟಿನ ಸಂದೇಶಕ್ಕೆ, 125 ಕಿಲೊಹರ್ಟ್ಸ್ ಅಗಲದಲ್ಲಿ, ಚುರುಕಿನ ಮಟ್ಟವಾದ ಎಸ್‌ಎಫ್7ರಲ್ಲಿ 57 ಮಿಲಿಸೆಕೆಂಡು ಬೇಕು. ಅತಿ ದೂರ ಹೋಗುವ ಮಟ್ಟವಾದ ಎಸ್‌ಎಫ್12ರಲ್ಲಿ 1.3 ಸೆಕೆಂಡು. ಸೆಕೆಂಡಿಗೆ 8 ಮೀಟರ್ ಹೋಗುವ ಡ್ರೋನ್ ತಾನೆಲ್ಲಿದ್ದೇನೆ ಎಂದು ಹೇಳಿ ಮುಗಿಸುವಷ್ಟರಲ್ಲಿ ಹತ್ತು ಮೀಟರ್ ಆಚೆ ಇರುತ್ತದೆ. ಅಂತರ ಕಾಯಲು ಇಎಸ್‌ಪಿ-ನೌ, ‘ಎಲ್ಲರೂ ವಾಪಸು ಬನ್ನಿ’ ಎಂಬ ಒಂದೇ ಅಪ್ಪಣೆಗೆ 866ರ ಲೋರಾ ಎಂದು ಎರಡನ್ನೂ ಇಡಿ. ಆ ಅಪ್ಪಣೆಯನ್ನು ಮೂರು ಸಲ ಕಳಿಸಿ.

ಪ್ರಶ್ನೆ: ನಮ್ಮ ಊರಿನ ಉತ್ಸವಕ್ಕೆ ಹನ್ನೆರಡು ಡ್ರೋನಿನ ಬೆಳಕಿನ ಆಟ ಮಾಡುವ ಆಸೆ. ದಿಲ್ಲಿಯಲ್ಲಿ ಸಾವಿರಾರು ಡ್ರೋನ್ ಹೇಗೆ ಪರಸ್ಪರ ಮಾತಾಡಿಕೊಳ್ಳುತ್ತವೆ? (ಕುಂಬಳೆ)

ಅಲ್ಲಿ ಅವು ಮಾತಾಡಿಕೊಳ್ಳುವುದಿಲ್ಲ. 2022ರ ಜನವರಿ 29ರಂದು ದಿಲ್ಲಿಯಲ್ಲಿ ಗಣರಾಜ್ಯೋತ್ಸವದ ಸಮಾರೋಪವಾದ ಬೀಟಿಂಗ್ ರಿಟ್ರೀಟಿನಲ್ಲಿ 1,000 ಡ್ರೋನ್ ಹಾರಿದವು. ಇಂಥ ಆಟದಲ್ಲಿ ಸಾಮಾನ್ಯವಾಗಿ ಪ್ರತಿ ಡ್ರೋನಿನ ದಾರಿಯನ್ನು ಮೊದಲೇ ಲೆಕ್ಕ ಹಾಕಿ ಅದರೊಳಗೆ ತುಂಬುತ್ತಾರೆ. ಹಾರುವಾಗ ಎಲ್ಲವೂ ಜಿಪಿಎಸ್ ಗಡಿಯಾರ ನೋಡಿ, ಯಕ್ಷಗಾನದಲ್ಲಿ ತಾಳಕ್ಕೆ ಹೆಜ್ಜೆ ಹಾಕುವಂತೆ, ತನ್ನ ತನ್ನ ಜಾಗಕ್ಕೆ ಹೋಗುತ್ತವೆ. ನೆಲದಿಂದ ಹೋಗುವುದು ಆರಂಭ, ನಿಲ್ಲು, ಇಳಿ ಎಂಬ ಅಪ್ಪಣೆ ಮತ್ತು ಜಿಪಿಎಸ್ ತಪ್ಪನ್ನು ಸರಿಪಡಿಸುವ ಆರ್‌ಟಿಕೆ ತಿದ್ದುಪಡಿ. ಈ ತಿದ್ದುಪಡಿ ಇದ್ದರೆ ಸ್ಥಾನ ಎರಡು-ಮೂರು ಸೆಂಟಿಮೀಟರಿನೊಳಗೆ ನಿಲ್ಲುತ್ತದೆ. ಅದನ್ನು ಒಂದೇ ಕೂಗಿನಲ್ಲಿ ಎಲ್ಲರಿಗೂ ಕಳಿಸಿ. ಹನ್ನೆರಡಕ್ಕೆ ಹನ್ನೆರಡು ಸಲ ಬೇರೆ ಬೇರೆ ಕಳಿಸುವವರು ಅಲ್ಲೇ ಜಾಲವನ್ನು ಉಸಿರುಗಟ್ಟಿಸುತ್ತಾರೆ.

ಉತ್ಸವದ ಗದ್ದೆಯಲ್ಲಿ ಇನ್ನೊಂದು ತೊಡಕು ಇದೆ. ಹಗಲಲ್ಲಿ ಖಾಲಿ ಗದ್ದೆಯಲ್ಲಿ ಪರೀಕ್ಷಿಸಿದ 2.4 ಗಿಗಾಹರ್ಟ್ಸ್ ರಾತ್ರಿ ಸಾವಿರ ಮೊಬೈಲುಗಳ ವೈಫೈ, ಬ್ಲೂಟೂತಿನಿಂದ ತುಂಬಿರುತ್ತದೆ. ಹಿಂದಿನ ದಿನ ಜನ ಇರುವಾಗಲೇ ಫೋನಿನ ವೈಫೈ ವಿಶ್ಲೇಷಕ ಆ್ಯಪಿನಲ್ಲಿ 1, 6, 11ನೇ ಚಾನೆಲುಗಳಲ್ಲಿ ಯಾವುದು ಖಾಲಿ ಎಂದು ನೋಡಿ. ಜನರ ತಲೆಯ ಮೇಲೆ ಯಾವ ಕಾರಣಕ್ಕೂ ಹಾರಿಸಬೇಡಿ, ಪಕ್ಕದ ಖಾಲಿ ಬೈಲಿನ ಮೇಲೆ ಇರಲಿ. 2021ರ ಡ್ರೋನ್ ನಿಯಮದಂತೆ ಹಸಿರು ವಲಯದಲ್ಲಿ (ಮುಂಗಡ ಅನುಮತಿ ಬೇಡದ ಜಾಗದಲ್ಲಿ) ಎತ್ತರದ ಮಿತಿ 120 ಮೀಟರ್. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗವನ್ನು ಉತ್ಸವದ ದಿನ ಬೆಳಿಗ್ಗೆಯೂ ಒಮ್ಮೆ ನೋಡಿ, ವಲಯ ಬದಲಾಗುವುದುಂಟು. 250 ಗ್ರಾಂ ಒಳಗಿನದು ನ್ಯಾನೊ, 2 ಕಿಲೊವರೆಗೆ ಮೈಕ್ರೊ. ಹವ್ಯಾಸಕ್ಕೆ ಹಾರಿಸುವವರಿಗೆ ಈ ಎರಡಕ್ಕೂ ಪೈಲಟ್ ಪ್ರಮಾಣಪತ್ರ ಬೇಡ. ಹಣ ಪಡೆದು ಮೈಕ್ರೊ ಹಾರಿಸುವುದಾದರೆ ಬೇಕು, 2 ಕಿಲೊ ಮೀರಿದರಂತೂ ಬೇಕೇ ಬೇಕು. ಬಾಯಾರಿನವರ ತೋಟಕ್ಕೆ ಬರುವ ಮದ್ದಿನ ಡ್ರೋನಿಗೂ ಇದು ಅನ್ವಯ, ಬಂದವರ ಬಳಿ ಕೇಳಿ ನೋಡಿಕೊಳ್ಳಿ.